ಮಾಡಿನ ಮೇಲೆ ಮಾವಿನ ಕೊಂಬೆ: ಹೆಂಚಿನ ಮನೆ ರಿಪೇರಿ ಮಾಡಿದ ಬಗೆ

ತೀರ್ಥಹಳ್ಳಿ ಕಡೆಯ ನಮ್ಮ ಮನೆ ಹೆಂಚಿನದು. ಎರಡು ಇಳಿಜಾರಿನ ದೊಡ್ಡ ಮಾಡು, ಅಂದರೆ ಚಾವಣಿ, ಹಿಂದೆ ಅಡುಗೆಮನೆಗೆ ಅಡ್ಡವಾಗಿ ಇನ್ನೊಂದು ಸಣ್ಣ ಮಾಡು. 2025ರ ಮೇ ತಿಂಗಳ ನಡುವೆ, ಕೃತ್ತಿಕೆ ಮಳೆಯ ಗಾಳಿಗೆ, ಹಿತ್ತಲಿನ ಮಾವಿನ ಮರದ ಕೊಂಬೆಯೊಂದು ಮುರಿದು ಹಿಂದಿನ ಇಳಿಜಾರಿನ ಮೇಲೆ ಬಿತ್ತು. ಬದನಿಕೆ ಅನ್ನುವ ಪರಾವಲಂಬಿ ಗಿಡ ಹತ್ತಿ ಅರ್ಧ ಒಣಗಿದ್ದ ಕೊಂಬೆ. ಬಿದ್ದ ಜಾಗದಲ್ಲಿ ಹೆಂಚು ಪುಡಿಪುಡಿ, ಹೆಂಚಿನ ಭಾರ ಹೊರುವ ಇಳಿಜಾರು ಮರಗಳಾದ ಪಕಾಸುಗಳಲ್ಲಿ ಮೂರು ಮುರಿದಿದ್ದವು. ಅದು ಎಲ್ಲರ ಕಣ್ಣಿಗೂ ಬೀಳುವ ನಷ್ಟ. ಆದರೆ ಕೊಂಬೆ ಮುಟ್ಟದ ಕಡೆಯೂ ಸೂರಿನ ಅಂಚಿನ ಸಾಲು ಮತ್ತು ಎರಡು ಇಳಿಜಾರು ಸೇರುವ ನೆತ್ತಿಯ ಕೆಳಗಿನ ಸಾಲಿನಲ್ಲಿ ಹೆಂಚುಗಳು ಎದ್ದು ಜಾರಿದ್ದವು. ಅದು ಮರದ ಕೆಲಸ ಅಲ್ಲ, ಗಾಳಿಯ ಕೆಲಸ.

ಗಾಳಿ ಹೆಂಚನ್ನು ಮೇಲಿಂದ ಒತ್ತಿ ಹಾಳು ಮಾಡುವುದು ಕಡಿಮೆ, ಹೀರಿ ಎತ್ತುವುದೇ ಜಾಸ್ತಿ. ಒಂದು ಇಳಿಜಾರಿಗೆ ಬಡಿದ ಗಾಳಿ ನೆತ್ತಿ ದಾಟುವಾಗ ಆಚೆ ಬದಿಯಲ್ಲಿ ಒತ್ತಡ ಇಳಿಯುತ್ತದೆ. ಅದೇ ಹೊತ್ತಿಗೆ ಮುಂಬಾಗಿಲು ತೆರೆದಿದ್ದರೆ ಒಳಗೆ ನುಗ್ಗಿದ ಗಾಳಿ ಕೆಳಗಿನಿಂದ ತಳ್ಳುತ್ತದೆ. ಒಂದು ಮಂಗಳೂರು ಹೆಂಚು ಸುಮಾರು ಎರಡೂವರೆ ಕಿಲೋ ತೂಗುತ್ತದೆ, ಚದರ ಮೀಟರಿಗೆ ಹದಿನೈದರಷ್ಟು ಬೇಕು. ಅಂದರೆ 35ರಿಂದ 40 ಕಿಲೋ ಭಾರ. ಗಾಳಿಯ ಲೆಕ್ಕವೂ ಸುಲಭ. ಸೆಕೆಂಡಿಗೆ ಇಷ್ಟು ಮೀಟರ್ ಅಂತ ವೇಗ ತಗೊಂಡು, ಅದನ್ನು ಅದರಿಂದಲೇ ಗುಣಿಸಿ, ಮತ್ತೆ 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಇಷ್ಟು ನ್ಯೂಟನ್ ಅಂತ ಬರುತ್ತದೆ. ಗಂಟೆಗೆ 60 ಕಿ.ಮೀ. ಗಾಳಿಗೆ ಅದು 17 ಕಿಲೋ ಭಾರಕ್ಕೆ ಸಮ. 90 ಕಿ.ಮೀ.ಗೆ 38 ಕಿಲೋ. ಅಲ್ಲಿಗೆ ಹೆಂಚಿನ ತೂಕ ಮುಗಿಯಿತು. ಅಂಚು, ನೆತ್ತಿ, ಮೂಲೆಗಳಲ್ಲಿ ಹೀರುವ ಬಲ ನಡುಭಾಗಕ್ಕಿಂತ ಜೋರು. ಹಾಗಾಗಿ ಹೆಂಚು ಏಳುವುದು ಅಲ್ಲೇ ಮೊದಲು.

ಬೆಳಗಾದ ಮೇಲೆ ಮೊದಲು ನೋಡಿದ್ದು ಮಾಡನ್ನಲ್ಲ, ಕರೆಂಟಿನ ತಂತಿಯನ್ನು. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರ್ ಕೊಂಬೆಗೆ ಸಿಕ್ಕಿ ಜೋತಾಡುತ್ತಿತ್ತು. ಮೇನ್ ಸ್ವಿಚ್ ಆಫ್ ಮಾಡಿದರೆ ಮನೆಯೊಳಗಿನ ಕರೆಂಟ್ ಮಾತ್ರ ಹೋಗುತ್ತದೆ, ಕಂಬದಿಂದ ಮೀಟರಿನವರೆಗಿನ ತಂತಿಯಲ್ಲಿ ಇದ್ದೇ ಇರುತ್ತದೆ. ಲೈನ್‌ಮ್ಯಾನ್ ಬಂದು ಕಂಬದಲ್ಲೇ ಬಿಡಿಸುವವರೆಗೆ ಯಾರೂ ಏಣಿ ಮುಟ್ಟಲಿಲ್ಲ. ಅಲ್ಯೂಮಿನಿಯಂ ಏಣಿ ಇದ್ದರಂತೂ ಈ ಮಾತನ್ನು ಎರಡು ಸಲ ಓದಿ.

ಕಾಯುವ ಹೊತ್ತಿನಲ್ಲಿ ಫೋಟೋ ತೆಗೆದೆವು. ಒಂದು ಹೆಂಚನ್ನೂ ಸರಿಸುವ ಮುಂಚೆ, ನಾಲ್ಕೂ ದಿಕ್ಕಿನಿಂದ, ಒಳಗಿನಿಂದ ಮೇಲೆ ನೋಡಿ, ಮುರಿದ ಪಕಾಸಿನ ತುದಿಯವರೆಗೆ. ಪರಿಹಾರಕ್ಕೆ ಅರ್ಜಿ ಹಾಕುವುದಿದ್ದರೆ, ವಿಮೆ ಇದ್ದರೆ, ಮುಂದೆ ಎಲ್ಲರೂ ಕೇಳುವುದು ಇದನ್ನೇ. ಗ್ರಾಮ ಆಡಳಿತಾಧಿಕಾರಿಗೆ ಅವತ್ತೇ ತಿಳಿಸಿದೆವು, ಮಹಜರು ಆಗಬೇಕಲ್ವಾ.

ಆಮೇಲೆ ಟಾರ್ಪಾಲ್. ಇದನ್ನು ಜನ ತೂತಿನ ಮೇಲೆ ಮಾತ್ರ ಹೊದಿಸುತ್ತಾರೆ. ಅದರಿಂದ ಏನೂ ಪ್ರಯೋಜನ ಇಲ್ಲ. ಮೇಲಿನಿಂದ ಹರಿದು ಬಂದ ನೀರು ಟಾರ್ಪಾಲಿನ ಮೇಲಂಚಿನ ಅಡಿಗೆ ನುಗ್ಗಿ ಸೀದಾ ಒಳಗೆ ಇಳಿಯುತ್ತದೆ. ಮೇಲಂಚು ನೆತ್ತಿ ದಾಟಿ ಆಚೆ ಇಳಿಜಾರಿಗೆ ಎರಡು ಮೂರು ಅಡಿ ಇಳಿದಿರಬೇಕು, ಕೆಳಗಂಚು ಸೂರು ದಾಟಿರಬೇಕು. ನಾವು ಹಿಂದಿನ ಬದಿಯನ್ನು ಅಷ್ಟಗಲ ಮುಚ್ಚಿ, ಮರಳು ತುಂಬಿದ ಚೀಲಗಳನ್ನು ಜೋಡಿಜೋಡಿಯಾಗಿ ಹಗ್ಗದಲ್ಲಿ ಕಟ್ಟಿ, ನೆತ್ತಿಯ ಎರಡೂ ಬದಿಗೆ ಒಂದೊಂದು ಇಳಿಬಿಟ್ಟೆವು. ಒಂದು ಚೀಲ ಇನ್ನೊಂದನ್ನು ಹಿಡಿದುಕೊಳ್ಳುತ್ತದೆ. ಮೊಳೆ ಹೊಡೆಯುವ ಗೋಜೇ ಇಲ್ಲ. ಟಾರ್ಪಾಲಿನ ಕಣ್ಣುಗಳಿಗೆ ಹಗ್ಗ ಹಾಕಿ ಸೂರಿನ ಪಕಾಸಿಗೂ ಕಟ್ಟಿದೆವು, ಇಲ್ಲದಿದ್ದರೆ ಮುಂದಿನ ಗಾಳಿಗೆ ಅದೇ ಹಾಯಿಯಾಗಿ ಉಳಿದ ಹೆಂಚನ್ನೂ ಎಳೆದುಕೊಂಡು ಹೋಗುತ್ತದೆ.

ಕೊಂಬೆ ಇಳಿಸುವ ಕೆಲಸ ಸುಲಭ ಅನ್ನಿಸುತ್ತದೆ, ಅದೇ ಅಪಾಯ. ಊರಿನ ಹುಡುಗರು ಹಗ್ಗ ಕಟ್ಟಿ ಎಳೆಯೋಣ ಅಂದರು. ಎಳೆದರೆ ಕೊಂಬೆ ಇನ್ನೊಂದಿಷ್ಟು ಹೆಂಚನ್ನು ಉಜ್ಜಿ ಒಡೆಯುತ್ತಾ ಬರುತ್ತದೆ. ಜೊತೆಗೆ ಇನ್ನೊಂದಿದೆ. ಭಾರಕ್ಕೆ ಬಾಗಿದ ಪಕಾಸು ಭಾರ ಇಳಿದ ಕೂಡಲೇ ಚಿಮ್ಮಿ ಮೇಲೇಳುತ್ತದೆ, ಅದರ ಮೇಲಿನ ಹೆಂಚೆಲ್ಲ ಜಾರಿ ಕೆಳಗೆ ನಿಂತವರ ತಲೆಗೆ. ಮರಗೆಲಸದ ಆಚಾರ್ರು ಬಂದು ನೋಡಿದವರೇ, ‘ಮೊದಲು ಸುತ್ತಲಿನ ಹೆಂಚು ಬಿಚ್ಚಿ ಮಾರಾಯ್ರೇ, ಆಮೇಲೆ ಕೊಂಬೆ’ ಅಂದರು. ಒಳಗಿನಿಂದ ಎರಡು ಅಡಿಕೆ ಮರದ ಕಂಬಗಳನ್ನು ಮುರಿದ ಪಕಾಸುಗಳಿಗೆ ಊರುಗೋಲು ಕೊಟ್ಟೆವು. ಸುತ್ತ ಹೆಂಚು ಬಿಚ್ಚಿದೆವು. ಕೊಂಬೆಯನ್ನು ತುದಿಯಿಂದ ಬುಡದ ಕಡೆಗೆ ತುಂಡು ತುಂಡಾಗಿ ಕೊಯ್ದು, ಪ್ರತಿ ತುಂಡನ್ನೂ ಹಗ್ಗದಲ್ಲಿ ಇಳಿಸಿದೆವು.

ಹೆಂಚಿನ ಮೇಲೆ ನಡೆಯುವವರಿಗೆ ಒಂದು ಮಾತು. ಹೆಂಚಿನ ನಡುಭಾಗಕ್ಕೆ ಕೆಳಗೆ ಆಧಾರ ಇಲ್ಲ, ಅಲ್ಲಿ ಕಾಲಿಟ್ಟರೆ ಪಟ್ ಅನ್ನುತ್ತದೆ. ಒಂದರ ಮೇಲೊಂದು ಹೊದ್ದ ಜಾಗದ ಅಡಿ ರೀಪು, ಅಂದರೆ ಪಕಾಸಿಗೆ ಅಡ್ಡಲಾಗಿ ಹೊಡೆದ ಮರದ ಪಟ್ಟಿ, ಇರುತ್ತದೆ, ಕಾಲು ಅಲ್ಲಿ ಬೀಳಬೇಕು. ಇನ್ನೂ ಒಳ್ಳೆಯದು ಮರದ ಏಣಿಯನ್ನು ಇಳಿಜಾರಿನ ಮೇಲೆ ಮಲಗಿಸಿ, ನೆತ್ತಿ ದಾಟಿಸಿ ಆಚೆಗೆ ಹಗ್ಗ ಕಟ್ಟಿ, ಅದರ ಮೆಟ್ಟಿಲ ಮೇಲೆ ಹೋಗುವುದು. ಹಸಿರು ಪಾಚಿ ಕಟ್ಟಿದ ಹೆಂಚು ಒದ್ದೆಯಾಗಿದ್ದರೆ ಎಂಥ ಅನುಭವಿಯೂ ಹತ್ತಬಾರದು.

ಬಿಚ್ಚಿದ ಹೆಂಚನ್ನೆಲ್ಲ ಅಂಗಳದಲ್ಲಿ ವಿಂಗಡಿಸಿದೆವು. ಒಂದೊಂದನ್ನೂ ಎತ್ತಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟುವುದು. ಟಣ್ ಅಂದರೆ ಗಟ್ಟಿ, ಡಬ್ ಅಂದರೆ ಎಲ್ಲೋ ಕೂದಲೆಳೆಯ ಬಿರುಕಿದೆ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಸಿಗುತ್ತದೆ. ಅನುಮಾನ ಇದ್ದರೆ ಹೆಂಚಿನ ಮೇಲಿನ ಕಾಲುವೆಯಲ್ಲಿ ಒಂದಿಷ್ಟು ನೀರು ನಿಲ್ಲಿಸಿ ಹಿಂಬದಿ ನೋಡಿದರಾಯಿತು. ಪಾಚಿಯನ್ನು ತೆಂಗಿನ ಸಿಪ್ಪೆಯಲ್ಲಿ ತಿಕ್ಕಿದೆವು, ಒಂದು ಹೆಂಚು ಪಕ್ಕದ್ದಕ್ಕೆ ಕೂರುವ ಸಣ್ಣ ತೋಡಾದ ಗಾಡಿಯೊಳಗೆ ಕೂತ ಮಣ್ಣನ್ನು ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ಕೆರೆದೆವು. ಆ ಗಾಡಿಯಲ್ಲಿ ಕಸ ತುಂಬಿದ್ದರೆ ನೀರು ಪಕ್ಕಕ್ಕೆ ಉಕ್ಕಿ ಒಳಗೆ ಬರುತ್ತದೆ. ‘ಹೆಂಚು ಒಡೆದಿಲ್ಲ, ಆದರೂ ಸೋರುತ್ತೆ’ ಅನ್ನುವ ದೂರಿನ ಕಾರಣ ಬಹಳ ಸಲ ಇದೇ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವ ಪದ್ಧತಿ ಇದ್ದದ್ದು ಸುಮ್ನೆ ಅಲ್ಲ. ಈಗ ಆ ಕೆಲಸಕ್ಕೆ ಜನ ಸಿಗುವುದಿಲ್ಲ, ಸಿಕ್ಕರೂ ಅಡಿಕೆ ಕೊಯ್ಲಿಗೇ ಸಾಲದು.

ನಮ್ಮ ರಾಶಿಯಲ್ಲಿ ಮೂರು ನಾಲ್ಕು ಕಾರ್ಖಾನೆಗಳ ಹೆಂಚುಗಳು ಬೆರೆತಿದ್ದವು. ಅಜ್ಜನ ಕಾಲದಿಂದ ಒಡೆದಾಗೆಲ್ಲ ಸಿಕ್ಕಿದ್ದನ್ನು ತುಂಬುತ್ತಾ ಬಂದಿದ್ದಾರೆ. ಕೆಲವದರ ಹಿಂಬದಿಯಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯ ಮುದ್ರೆ, ಜೊತೆಗೆ 1865 ಅನ್ನುವ ಇಸವಿ. ಅದನ್ನು ನೋಡಿ ಮಕ್ಕಳು ‘ನೂರರವತ್ತು ವರ್ಷದ ಹೆಂಚು’ ಅಂತ ಕುಣಿದವು. ಅದು ಮಂಗಳೂರಿನಲ್ಲಿ, ನೇತ್ರಾವತಿ ದಂಡೆಯ ಜೆಪ್ಪುವಿನಲ್ಲಿ, ಆ ಕಾರ್ಖಾನೆ ಶುರುವಾದ ವರ್ಷ. ಹೆಂಚು ಸುಟ್ಟ ವರ್ಷ ಅಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಮಿಷನ್ನಿನ ಕೈಯಿಂದ ಕಾರ್ಖಾನೆಗಳು ಹೋಗಿ ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಕಂಪನಿಯ ಪಾಲಾದವು. ಹಾಗಾಗಿ ಮಿಷನ್ ಹೆಸರಿನ ಹೆಂಚು ನೂರು ವರ್ಷದ್ದಂತೂ ಹೌದು ಅನ್ನಬಹುದು. ತಟ್ಟಿದರೆ ಇವತ್ತಿಗೂ ಟಣ್ ಅನ್ನುತ್ತದೆ. ಮೂವತ್ತು ವರ್ಷದ ಹಿಂದೆ ಹಾಕಿದ ಕೆಲವು ಹೆಂಚು ಕೈಯಲ್ಲೇ ಪುಡಿಯಾಯಿತು.

ಈಗ ಮರದ ವಿಷಯ. ರಿಪೇರಿಯಲ್ಲಿ ನಿಜವಾದ ಕೆಲಸ ಇರುವುದು ಇಲ್ಲಿ. ಹೆಂಚು ಒಡೆದರೆ ನೀರು ಸುರಿದು ಅವತ್ತೇ ಗೊತ್ತಾಗುತ್ತದೆ. ಪಕಾಸು ಕೊಳೆತರೆ ಮಾಡು ಬಗ್ಗುವವರೆಗೂ ಗೊತ್ತಾಗುವುದಿಲ್ಲ. ಮುರಿದ ಮೂರು ಪಕಾಸುಗಳ ಪಕ್ಕದವನ್ನೂ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿದೆವು, ಮುಖ್ಯವಾಗಿ ಗೋಡೆಯ ಮೇಲೆ ಕೂರುವ ಜಾಗ ಮತ್ತು ಸೂರಿನ ತುದಿ. ಹೊರಗೆ ನೋಡಿದರೆ ಕಪ್ಪಗೆ ಗಟ್ಟಿಮುಟ್ಟು. ಒಂದರಲ್ಲಿ ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗೆ ಹೋಯಿತು. ಎಳೆದಾಗ ತುದಿಯಲ್ಲಿ ಒದ್ದೆ ನಶ್ಯದ ಹಾಗೆ ಕಂದು ಪುಡಿ ಅಂಟಿಕೊಂಡಿತ್ತು. ಗೋಡೆಯ ಗೂಡಿನಲ್ಲಿ ಮಣ್ಣಿಗೆ ತಾಗಿ, ಗಾಳಿ ಆಡದೆ, ಗೆದ್ದಲು ಒಳಗಿಂದ ಮೇಯ್ದಿತ್ತು. ಕೊಂಬೆ ಬೀಳದಿದ್ದರೂ ಅದು ಇನ್ನು ಹೆಚ್ಚು ಮಳೆಗಾಲ ಕಾಣುತ್ತಿರಲಿಲ್ಲ.

ಮುರಿದವನ್ನು ಪೂರ್ತಿ ಬದಲಿಸಿದೆವು. ನಡುವೆ ಮುರಿದದ್ದಕ್ಕೆ ಪಟ್ಟಿ ಹೊಡೆದು ಕೂರಿಸುವವರಿದ್ದಾರೆ, ಅತಿ ಹೆಚ್ಚು ಬಾಗುವ ಜಾಗ ಅದೇ, ಅಲ್ಲಿ ತೇಪೆ ಬೇಡ. ತುದಿ ಕೊಳೆತದ್ದಕ್ಕೆ ಮಾತ್ರ ಜೋಡು ಹಾಕಿದೆವು. ಕೊಳೆತಷ್ಟನ್ನೂ, ಅದರಾಚೆ ಗೇಣುದ್ದ ಗಟ್ಟಿ ಮರವನ್ನೂ ಕೊಯ್ದು ಎಸೆದು, ಪಕ್ಕಕ್ಕೆ ಅದೇ ದಪ್ಪದ ಹೊಸ ಮರ ಇಟ್ಟು, ಮೂರಡಿ ಉದ್ದ ಒಂದರ ಪಕ್ಕ ಒಂದು ಹೊಂದುವಂತೆ ಬೋಲ್ಟ್ ಹಾಕಿದರು ಆಚಾರ್ರು. ಮೊಳೆ ಅಲ್ಲ, ಬೋಲ್ಟ್. ಎರಡೂ ಕಡೆ ಅಗಲದ ವಾಷರ್, ಒಂದೇ ಸಾಲಿನಲ್ಲಿ ತೂತು ಕೊರೆಯದೆ ಮೇಲೆ ಕೆಳಗೆ ಹಂಚಿ. ಸಾಲಾಗಿ ಕೊರೆದರೆ ಮರ ಅದೇ ಗೆರೆಯಲ್ಲಿ ಸೀಳುತ್ತದೆ.

ಮರ ಎಲ್ಲಿಂದ? ಸಾಮಿಲ್ಲಿನಲ್ಲಿ ಆಗಷ್ಟೇ ಕೊಯ್ದ ಅಕೇಶಿಯಾ ಸಿಗುತ್ತಿತ್ತು. ಹಸಿ ಮರ ಮಾಡಿಗೇರಿದ ಮೇಲೆ ಒಣಗುತ್ತಾ ತಿರುಚಿಕೊಳ್ಳುತ್ತದೆ, ರೀಪು ಅಂಕುಡೊಂಕಾಗುತ್ತದೆ, ಹೆಂಚು ಬಾಯಿ ಬಿಡುತ್ತದೆ. ಅದಕ್ಕೆ ಹಳೆ ಮನೆ ಬಿಚ್ಚಿದ ಮರ ಮಾರುವವರ ಹತ್ತಿರ ಹೋದೆವು. ಮಲೆನಾಡಿನಲ್ಲಿ ಇದು ಈಗ ಒಳ್ಳೆಯ ವ್ಯಾಪಾರ. ಹಳೆ ಮತ್ತಿ, ಬೋಗಿ ಪಕಾಸುಗಳು ದಶಕಗಳಿಂದ ಒಣಗಿದವು, ಇನ್ನು ತಿರುಚುವ ಮಾತಿಲ್ಲ. ಮೊಳೆ ಹುಡುಕಿ ಕೀಳುವುದೊಂದೇ ಕಷ್ಟ. ಕೊಳ್ಳುವಾಗ ಎರಡೂ ತುದಿಯನ್ನು ಚುಚ್ಚಿ ನೋಡಿ, ಉದ್ದಕ್ಕೆ ಕಣ್ಣು ಹಾಯಿಸಿ ನೇರ ಇದೆಯಾ ನೋಡಿ. ಮಾರುವವರು ಕೊಳೆತ ತುದಿಯನ್ನು ಕೊಯ್ದು ಹೊಸ ಮುಖ ತೋರಿಸಿರುತ್ತಾರೆ.

ಗೋಡೆಗೆ ಕೂರುವ ತುದಿಗಳಿಗೆಲ್ಲ ಗೇರೆಣ್ಣೆ ಬಳಿದೆವು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು ಎಣ್ಣೆ. ಗೆದ್ದಲು ಹತ್ತಿರ ಬರುವುದಿಲ್ಲ, ನೀರೂ ಹಿಡಿಯುವುದಿಲ್ಲ. ಆದರೆ ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಕೈಗವಸು ಹಾಕಿಕೊಂಡು, ತುಂಬು ತೋಳಿನ ಅಂಗಿ ತೊಟ್ಟು ಬಳಿಯಿರಿ. ಮತ್ತೆ ಗೋಡೆಯ ಗೂಡನ್ನು ಮಣ್ಣಿನಿಂದ ಮೆತ್ತದೆ, ಪಕಾಸಿನ ಸುತ್ತ ಬೆರಳು ತೂರುವಷ್ಟು ಸಂದು ಬಿಟ್ಟೆವು. ಗಾಳಿ ಆಡಿದರೆ ಮರ ಬಾಳುತ್ತದೆ.

ಇಷ್ಟರಲ್ಲಿ ಮಳೆಯ ಲೆಕ್ಕ ತಲೆಕೆಳಗಾಯಿತು. ಕೇರಳಕ್ಕೆ ಮುಂಗಾರು ಮೇ 27ಕ್ಕೆ ಅಂತ ಹವಾಮಾನ ಇಲಾಖೆ ಮೊದಲೇ ಹೇಳಿತ್ತು. ಬಂದದ್ದು 24ಕ್ಕೇ, 2009ರ ನಂತರ ಅಷ್ಟು ಬೇಗ ಬಂದದ್ದೇ ಇಲ್ಲ. ಸಾಮಾನ್ಯವಾಗಿ ನಮ್ಮ ಕಡೆ ಜೂನ್ ಮೊದಲ ವಾರ ದಾಟಿ ಬರಬೇಕಾದ ಮಳೆ ರೋಹಿಣಿ ಹುಟ್ಟುವ ಮುಂಚೆಯೇ ಹೊಯ್ಯತೊಡಗಿತು. ಪಕಾಸು ಕೂತಿತ್ತು, ರೀಪು ಇನ್ನೂ ಹೊಡೆದಿರಲಿಲ್ಲ. ಟಾರ್ಪಾಲನ್ನು ಅರ್ಧ ಸುತ್ತಿ, ಹೊಳವಾದಾಗ ಅಷ್ಟು ಜಾಗದಲ್ಲಿ ಕೆಲಸ ಮಾಡಿ, ಮೋಡ ಕಂಡ ಕೂಡಲೇ ಇಳಿಸುವುದು. ಚೀಲದ ಜೋಡಿಗಳು ಆಗ ಉಪಯೋಗಕ್ಕೆ ಬಂದವು. ಮೊಳೆ ಹೊಡೆದಿದ್ದರೆ ಹೀಗೆ ಸುತ್ತಿ ಬಿಚ್ಚಲು ಆಗುತ್ತಲೇ ಇರಲಿಲ್ಲ.

ರೀಪಿನ ಅಂತರಕ್ಕೆ ಟೇಪ್ ಹಿಡಿಯುವುದಕ್ಕಿಂತ ಹೆಂಚನ್ನೇ ಕೇಳುವುದು ಒಳ್ಳೆಯದು. ಎರಡು ಹೆಂಚನ್ನು ನೆಲದ ಮೇಲೆ ಒಂದಕ್ಕೊಂದು ಸರಿಯಾಗಿ ಕೂರಿಸಿ, ಹಿಂಬದಿಯಲ್ಲಿ ರೀಪಿಗೆ ಸಿಕ್ಕಿಕೊಳ್ಳುವ ಹಲ್ಲಿನಿಂದ ಹಲ್ಲಿಗೆ ಎಷ್ಟು ದೂರ ಅಂತ ಒಂದು ಕೋಲಿಗೆ ಗುರುತು ಹಾಕುವುದು. ಸಾಮಾನ್ಯ ಅಳತೆಯ ಹೆಂಚಿಗೆ ಅದು ಒಂದು ಅಡಿಗಿಂತ ಸ್ವಲ್ಪ ಜಾಸ್ತಿ, 32 ಸೆಂಟಿಮೀಟರ್ ಆಸುಪಾಸು ಬರುತ್ತದೆ. ಆ ಕೋಲು ಹಿಡಿದೇ ಸೂರಿನಿಂದ ನೆತ್ತಿಯವರೆಗೆ ರೀಪು ಹೊಡೆದದ್ದು. ಸೂರಿನ ಕೊನೆಯ ರೀಪು ಮಾತ್ರ ಉಳಿದವಕ್ಕಿಂತ ಎತ್ತರ ಇರಬೇಕು, ಒಂದು ಹೆಂಚಿನ ದಪ್ಪದಷ್ಟು. ಮೇಲಿನ ಸಾಲೆಲ್ಲ ಕೆಳಗಿನ ಹೆಂಚಿನ ಮೇಲೆ ಒರಗಿರುತ್ತವೆ, ಕೊನೆಯ ಸಾಲಿಗೆ ಒರಗಲು ಏನೂ ಇಲ್ಲವಲ್ಲ. ಅದನ್ನು ಎತ್ತರಿಸದಿದ್ದರೆ ಆ ಸಾಲು ಮೂಗು ತಗ್ಗಿಸಿ ಕೂರುತ್ತದೆ, ಮೇಲಿನ ಸಾಲಿನೊಂದಿಗೆ ಬಾಯಿ ಬಿಡುತ್ತದೆ.

ಹೆಂಚು ಹೊದಿಸುವಾಗ ನಾವು ಪಟ್ಟು ಹಿಡಿದದ್ದು ಒಂದೇ ವಿಷಯಕ್ಕೆ: ಒಂದು ಇಳಿಜಾರಿಗೆ ಒಂದೇ ಕಾರ್ಖಾನೆಯ ಹೆಂಚು. ಎಲ್ಲವೂ ಮಂಗಳೂರು ಹೆಂಚೇ ಆದರೂ ಅಚ್ಚು ಬೇರೆ ಬೇರೆ. ಕೆಲವು ಮಿಲಿಮೀಟರ್ ವ್ಯತ್ಯಾಸ ಸಾಕು, ಪಕ್ಕದ ಗಾಡಿ ಕೂರುವುದಿಲ್ಲ. ಹತ್ತು ಹೆಂಚಿನ ಸಾಲಿನ ನಡುವೆ ಹೊಸದೊಂದು ತುರುಕಿದರೆ ಅದು ಒಂದು ಮೂಲೆ ಎತ್ತಿಕೊಂಡು ಕೂರುತ್ತದೆ. ಗಾಳಿಗೆ ಹಿಡಿಕೆ ಕೊಟ್ಟ ಹಾಗೆ. ಈ ಸಲ ಎದ್ದುಹೋದ ಅಂಚಿನ ಹೆಂಚುಗಳಲ್ಲಿ ಹಲವು ಇಂಥ ಬೆರಕೆ ಸಾಲಿನವೇ. ಅದಕ್ಕೆ ಹಿಂದಿನ ಇಳಿಜಾರನ್ನು ಪೂರ್ತಿ ಬಿಚ್ಚಿ, ಅಲ್ಲಿಂದ ಬಂದ ಹಳೆ ಗಟ್ಟಿ ಹೆಂಚುಗಳಲ್ಲಿ ಒಂದೇ ಮುದ್ರೆಯವನ್ನು ಆರಿಸಿ ಮುಂದಿನ ಇಳಿಜಾರಿನ ಬೆರಕೆ ಜಾಗಗಳಿಗೆ ಹಾಕಿದೆವು. ಹಿಂದಿನ ಇಳಿಜಾರಿಗೆ ಪೂರ್ತಿ ಹೊಸ ಹೆಂಚು. ಉಳಿದ ಚೂರುಪಾರು ಮುದ್ರೆಗಳು ಕೊಟ್ಟಿಗೆಗೆ. ನೂರು ಚದರಡಿಗೆ 150 ಅಂತ ಲೆಕ್ಕ ಹಾಕಿ, ಒಡೆಯುವುದಕ್ಕೆ ಅಂತ ಒಂದಿಷ್ಟು ಜಾಸ್ತಿಯೇ ತಂದೆವು. ಮುಂದೆ ಅದೇ ಅಚ್ಚು ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಒಂದೊಂದೇ ಕಾರ್ಖಾನೆ ಮುಚ್ಚುತ್ತಾ ಬಂದಿದೆ.

ಇನ್ನು ಕಟ್ಟುವುದು. ಮಂಗಳೂರು ಹೆಂಚಿನ ಹಿಂಬದಿಯಲ್ಲಿ ಒಂದು ಸಣ್ಣ ತೂತಿರುತ್ತದೆ, ತಂತಿ ಹಾಯಿಸಲು ಅಂತಲೇ ಮಾಡಿದ್ದು. ನಮ್ಮ ಕಡೆ ಅದನ್ನು ಉಪಯೋಗಿಸಿದ ಮನೆ ನಾನು ನೋಡಿದ್ದು ಕಡಿಮೆ. ಸೂರಿನ ಕೆಳಗಿನ ಎರಡು ಸಾಲು, ನೆತ್ತಿಯ ಕೆಳಗಿನ ಸಾಲು, ಎರಡೂ ಪಕ್ಕದ ಅಂಚಿನ ಸಾಲು ಇಷ್ಟನ್ನು ರೀಪಿಗೆ ತಂತಿಯಿಂದ ಬಿಗಿದೆವು. ಕಬ್ಬಿಣ ಕಟ್ಟುವ ಕಪ್ಪು ತಂತಿ ಬೇಡ, ತುಕ್ಕು ಹಿಡಿದು ಬೇಗ ತುಂಡಾಗುತ್ತದೆ. ಸತುವಿನ ಲೇಪ ಇರುವ ಜಿ.ಐ. ತಂತಿ ತಗೊಳ್ಳಿ. ಒಳಗಿನಿಂದ ಒಬ್ಬರು ಹಾಯಿಸಿ ಎರಡು ಸುತ್ತು ತಿರುಚಿದರೆ ಆಯಿತು, ಜಾಸ್ತಿ ಬಿಗಿದರೆ ಹಲ್ಲೇ ಮುರಿಯುತ್ತದೆ. ಎಲ್ಲ ಹೆಂಚನ್ನೂ ಕಟ್ಟುವುದು ಬೇಡ. ನಡುವಿನ ಹೆಂಚು ಬಿಡಿಯಾಗಿದ್ದರೆ ಮುಂದೆ ಒಡೆದಾಗ ಅಟ್ಟದಲ್ಲಿ ನಿಂತೇ ಮೇಲಿನ ಸಾಲನ್ನು ಕೈಯಲ್ಲಿ ಎತ್ತಿ ಹಿಡಿದು ಹೊಸದನ್ನು ಜಾರಿಸಬಹುದು. ಮಾಡಿಗೆ ಹತ್ತುವ ಕೆಲಸವೇ ಇಲ್ಲ.

ನೆತ್ತಿಯ ಹೆಂಚಿಗೆ ಗಾರೆ ಹಾಕುವಾಗ ಮೇಸ್ತ್ರಿಗೂ ನನಗೂ ಸಣ್ಣ ಜಟಾಪಟಿ. ಅವರು ಸಿಮೆಂಟ್ ಜಾಸ್ತಿ ಹಾಕಿದರೆ ಗಟ್ಟಿ ಅನ್ನುವವರು. ಗಟ್ಟಿ ಆಗುವುದು ನಿಜ. ಆದರೆ ಬಿಸಿಲು ಮಳೆಗೆ ಮಾಡು ಅಲ್ಪಸ್ವಲ್ಪ ಅಲ್ಲಾಡುತ್ತಲೇ ಇರುತ್ತದೆ, ಗಡಸು ಗಾರೆ ಅದಕ್ಕೆ ಹೊಂದಿಕೊಳ್ಳದೆ ಬಿರುಕು ಬಿಡುತ್ತದೆ. ಕೊನೆಗೆ ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ಮರಳು ಅಂತ ರಾಜಿಯಾಯಿತು. ಹೆಂಚನ್ನು ನೀರಿನಲ್ಲಿ ನೆನೆಸಿಟ್ಟು ಹಾಕಿದರು, ಒಣ ಹೆಂಚು ಗಾರೆಯ ನೀರನ್ನೆಲ್ಲ ಕುಡಿದುಬಿಡುತ್ತದೆ. ಹೊಸ ಗಾರೆಯ ಮೇಲೆ ಮಳೆ ಬೀಳದಂತೆ ಅದಕ್ಕೊಂದು ಬೇರೆ ಪ್ಲಾಸ್ಟಿಕ್ ಪಟ್ಟಿ ಹೊದಿಸಿದೆವು.

ದೊಡ್ಡ ಮಾಡು ಮತ್ತು ಅಡುಗೆಮನೆಯ ಮಾಡು ಸೇರುವ ಒಳಮೂಲೆಯಲ್ಲಿ ಹಳೆ ತಗಡು ತೂತಾಗಿತ್ತು, ಅದನ್ನೂ ಬದಲಿಸಿದೆವು. ಎರಡು ಇಳಿಜಾರಿನ ನೀರೂ ಅಲ್ಲೇ ಬಂದು ಬೀಳುತ್ತದೆ. ತಗಡು ಹೆಂಚಿನ ಅಡಿಗೆ ಎರಡೂ ಕಡೆ ಮುಕ್ಕಾಲು ಅಡಿ ಒಳಗೆ ಹೋಗಿರಬೇಕು, ಅಂಚನ್ನು ಒಂದಿಷ್ಟು ಮೇಲಕ್ಕೆ ಮಡಚಿರಬೇಕು. ಮಾವಿನ ಎಲೆ ತುಂಬಿ ಕಟ್ಟಿಕೊಂಡರೆ ನೀರು ಆ ಮಡಿಕೆಯನ್ನೂ ದಾಟುತ್ತದೆ, ಆದ್ದರಿಂದ ವರ್ಷಕ್ಕೊಮ್ಮೆ ಗುಡಿಸಲೇಬೇಕು.

ಕೆಲಸ ನಡೆಯುವಾಗ ಬಂದವರೆಲ್ಲ ಕೇಳಿದ್ದು, ‘ಯಾಕೆ ಇಷ್ಟು ರಗಳೆ, ಮೇಲೊಂದು ಶೀಟ್ ಹೊಡೆಸಿದ್ರೆ ಆಗ್ತಿರ್ಲಿಲ್ವಾ?’ ಕೇಳುವುದರಲ್ಲಿ ಅರ್ಥ ಇದೆ. ಹೆಂಚಿನ ಮನೆಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟ್ ಹಾಕಿದವರು ಮಳೆಗಾಲದಲ್ಲಿ ನೆಮ್ಮದಿಯಾಗಿದ್ದಾರೆ, ಅಡಿಕೆ ಒಣಗಿಸಲು ಜಾಗವೂ ಆಗುತ್ತದೆ. ಆದರೆ ಶೀಟ್ ತೂಕದಲ್ಲಿ ಹೆಂಚಿಗಿಂತ ಎಷ್ಟೋ ಹಗುರ. ಗಾಳಿ ಎತ್ತುವ ಲೆಕ್ಕ ಮೊದಲೇ ಹೇಳಿದೆ. ಅಲ್ಲಿ ಎಲ್ಲ ಭಾರ ಸ್ಕ್ರೂ ಮತ್ತು ಕಂಬದ ಬುಡದ ಮೇಲೆ. ಹೆಂಚು ಎದ್ದರೆ ನಾಲ್ಕಾರು ಬೀಳುತ್ತವೆ, ಶೀಟ್ ಎದ್ದರೆ ಇಡೀ ಹಾಳೆಯೇ ಪಕ್ಕದ ತೋಟದಲ್ಲಿ. ಹಾಕಿಸುವುದೇ ಆದರೆ ಕಂಬದ ಬುಡಕ್ಕೆ ಕಾಂಕ್ರೀಟ್, ಅಂಚಿನ ಸಾಲಿನಲ್ಲಿ ಸ್ಕ್ರೂ ಒತ್ತೊತ್ತಾಗಿ ಅಂತ ಕೇಳಿ ಹಾಕಿಸಿ.

ಹಣದ ವಿಷಯ ಚುಟುಕಾಗಿ. 2022ರಿಂದ 2026ರ ಅವಧಿಗೆ ಕೇಂದ್ರ ಹಾಕಿದ ವಿಪತ್ತು ಪರಿಹಾರದ ನಿಯಮದಲ್ಲಿ, ಕನಿಷ್ಠ ಶೇಕಡಾ 15ರಷ್ಟು ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ಇತ್ತು. ಅದು ಆಚಾರ್ರ ಕೂಲಿಗೂ ಸಾಲುವುದಿಲ್ಲ, ಆದರೂ ಅರ್ಜಿ ಹಾಕಿ. ವಿಮೆ ಬೇಕೆನ್ನುವವರಿಗೆ 2021ರ ಏಪ್ರಿಲ್‌ನಿಂದ ‘ಭಾರತ್ ಗೃಹ ರಕ್ಷಾ’ ಅನ್ನುವ ಒಂದೇ ಮಾದರಿಯ ಪಾಲಿಸಿ ಇದೆ. ಬಿರುಗಾಳಿ, ಪ್ರವಾಹದ ನಷ್ಟ ಅದರಲ್ಲಿ ಸೇರುತ್ತದೆ. ನಷ್ಟವಾದ ಕೂಡಲೇ ತಿಳಿಸಬೇಕು, ಅವರು ನೋಡುವ ಮುಂಚೆ ರಿಪೇರಿ ಮುಗಿಸಬಾರದು. ಟಾರ್ಪಾಲ್ ಹೊದಿಸಲು ಅಡ್ಡಿಯಿಲ್ಲ.

ಮಳೆ ಹೊಡೆತ ಕೊಟ್ಟ ಮೇಲೆ ಟಾರ್ಚ್ ಹಿಡಿದು ಅಟ್ಟದಲ್ಲಿ ಕೂತು ನೋಡಿದೆವು. ಹೊಸ ಇಳಿಜಾರು ಒಣಗಿಯೇ ಇತ್ತು. ಮುಂದಿನ ಬದಿಯಲ್ಲಿ ಗಾಜಿನ ಹೆಂಚಿನ ಪಕ್ಕ ಒಂದು ಕಡೆ ತೊಟ್ಟಿಕ್ಕುತ್ತಿತ್ತು. ಒಳಗಿನಿಂದಲೇ ಎತ್ತಿ, ಗಾಡಿಯ ಕಸ ತೆಗೆದು ಕೂರಿಸಿದ ಮೇಲೆ ನಿಂತಿತು.

ಉಳಿದ ಹೊಸ ಹೆಂಚುಗಳನ್ನು ಹಿಂದಿನ ಗೋಡೆಗೆ ಒರಗಿಸಿ ನಿಲ್ಲಿಸಿಟ್ಟಿದ್ದೇವೆ. ಮಲಗಿಸಿ ಪೇರಿಸಿದರೆ ಅಡಿಯವು ಒಡೆಯುತ್ತವೆ. ಆಚೆಮನೆಯವರು ಅವರ ಮಾಡಿನ ಒಂದು ಹೆಂಚನ್ನು ಕಂಕುಳಲ್ಲಿಟ್ಟುಕೊಂಡು ಬಂದು, ನಮ್ಮದರ ಪಕ್ಕ ಇಟ್ಟು, ಆ ಕಡೆ ಈ ಕಡೆ ಒತ್ತಿ ನೋಡಿದರು. ಕೂರಲಿಲ್ಲ. ‘ಕೊಟ್ಟಿಗೆಗೆ ಹಾಕಿದ ಆ ಹಳೇದ್ರಲ್ಲಿ ಒಂದ್ಸಲ ನೋಡ್ಲಾ?’ ಅಂದರು. ಅಲ್ಲಿ ಆರು ಸಿಕ್ಕವು, ಅವರಿಗೆ ಬೇಕಿದ್ದದ್ದು ಎಂಟು.